ಹದಿನೈದು ಜನ, ಒಂದೇ ಚಿತ್ರ: ‘ಸ್ಟಾರಿ ನೈಟ್’ ನಕಲು ಕಾರ್ಯಾಗಾರ ನಡೆಸುವ ಕ್ರಮ

ಅಪಾರ್ಟ್‌ಮೆಂಟ್ ಹಾಲಿನಲ್ಲೋ, ಬಡಾವಣೆಯ ಗ್ರಂಥಾಲಯದಲ್ಲೋ ಒಂದಷ್ಟು ಜನ ಸೇರಿ ಡಚ್ ಕಲಾವಿದ ವ್ಯಾನ್ ಗೋ ಅವರ ‘ಸ್ಟಾರಿ ನೈಟ್’ ಚಿತ್ರವನ್ನು ತಾವೇ ಬಿಡಿಸಿ ಮನೆಗೆ ಒಯ್ಯುತ್ತಾರೆ. ತುಂಬ ಒಳ್ಳೆಯ ಕೆಲಸ. ಆದರೆ ಇದನ್ನು ನಡೆಸಿದವರು ಆಮೇಲೆ ನನಗೆ ಹೇಳುವ ತೊಂದರೆ ಪ್ರತಿ ಸಲ ಅದೇ. ನಕ್ಷತ್ರಗಳು ಹಸಿರಾದವು. ಆಕಾಶ ಕೆಸರಾಯಿತು. ಮೂರು ಗಂಟೆ ಕಳೆದರೂ ಚಿತ್ರ ಅರ್ಧಕ್ಕೇ ನಿಂತಿತು. ಬಂದವರು ‘ನನ್ನ ಕೈಗೆ ಚಿತ್ರ ಬರಲ್ಲ ಬಿಡಿ’ ಅಂತ ಎದ್ದು ಹೋದರು.

ಆ ಕೊನೆಯ ಮಾತು ಕೇಳಿದಾಗೆಲ್ಲ ನನಗೆ ನೋವಾಗುತ್ತದೆ. ಶಾಲೆ ಬಿಟ್ಟ ಮೇಲೆ ಮೊದಲ ಸಲ ಬ್ರಶ್ ಹಿಡಿದವರು ಅವರು. ತಪ್ಪು ಅವರ ಕೈಯದ್ದಲ್ಲ, ಕ್ರಮದ್ದು. ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಿ ಕೈ ನಿಲ್ಲಿಸಿ ಒಣಗಲು ಬಿಡಬೇಕು ಅನ್ನುವುದು ಸರಿಯಾದರೆ ಹದಿನೈದರಲ್ಲಿ ಹದಿನೈದೂ ಚಿತ್ರ ಮುಗಿಯುತ್ತವೆ. ಕೆಳಗಿರುವುದು 3 ಗಂಟೆ 30 ನಿಮಿಷದ, 15 ಜನರ, ಅಕ್ರಿಲಿಕ್ (ನೀರಲ್ಲಿ ಕಲಸುವ, ಬೇಗ ಒಣಗುವ) ಬಣ್ಣದ ಕಾರ್ಯಾಗಾರದ ಕ್ರಮ.

1. ಯಾವ ಚಿತ್ರ ಅನ್ನುವುದನ್ನು ನೀವೇ ತೀರ್ಮಾನಿಸಿ

ಬಂದವರನ್ನು ಕೇಳಿದರೆ ಒಬ್ಬರು ಮೋನಾಲಿಸಾ ಅನ್ನುತ್ತಾರೆ, ಇನ್ನೊಬ್ಬರು ರವಿವರ್ಮ ಅನ್ನುತ್ತಾರೆ. ಮೈಸೂರಿನ ಜಗನ್ಮೋಹನ ಅರಮನೆ ನೋಡಿ ಬಂದವರಂತೂ ಹಲ್ದಂಕರ್ ಅವರ ದೀಪ ಹಿಡಿದ ಹೆಣ್ಣನ್ನೇ ಕೇಳುತ್ತಾರೆ. ಮೂರೂ ಬೇಡ. ಮುಖ, ಬೆರಳು, ಸೀರೆಯ ನೆರಿಗೆ ಇವೆಲ್ಲ ನೆರಳಿನಿಂದ ಬೆಳಕಿಗೆ ನವಿರಾಗಿ ಜಾರಬೇಕು. ಕೂದಲೆಳೆಯಷ್ಟು ತಪ್ಪಿದರೂ ಎದ್ದು ಕಾಣುತ್ತದೆ. ದೀಪದ ಹೆಣ್ಣಂತೂ ಜಲವರ್ಣದ ಚಿತ್ರ, ಅದರಲ್ಲಿ ತಪ್ಪಿದ್ದನ್ನು ಮುಚ್ಚಲು ದಾರಿಯೇ ಇಲ್ಲ.

ಹೊಸಬರಿಗೆ ಬೇಕಾದದ್ದು ಬ್ರಶ್ ಗುರುತು ಕಾಣಿಸಲೇಬೇಕಾದ ಚಿತ್ರ. 1889ರ ಜೂನ್‌ನಲ್ಲಿ ವ್ಯಾನ್ ಗೋ ಬಿಡಿಸಿದ ‘ಸ್ಟಾರಿ ನೈಟ್’ ಅಂಥದ್ದು: ಸುಳಿ ಸುತ್ತುವ ರಾತ್ರಿ ಆಕಾಶ, ಎಡಕ್ಕೆ ಎತ್ತರದ ಮರ, ಕೆಳಗೆ ಬೆಟ್ಟ, ಊರು. ಒಂದು ಗೆರೆ ಆಚೀಚೆ ಹೋದರೂ ಅದು ಆಕಾಶದ ಹರಿವಿನಲ್ಲಿ ಸೇರಿಹೋಗುತ್ತದೆ. ಎರಡನೇ ಕಾರ್ಯಾಗಾರಕ್ಕೆ ಜಪಾನಿನ ಕಲಾವಿದ ಹೊಕುಸಾಯ್ ಅವರ ‘ದೊಡ್ಡ ಅಲೆ’ ಇಟ್ಟುಕೊಳ್ಳಿ, ಅದರಲ್ಲಿ ಬಣ್ಣಗಳೂ ಕಡಿಮೆ.

ಹಕ್ಕುಸ್ವಾಮ್ಯದ ಬಗ್ಗೆ ಒಂದು ಮಾತು. ನಮ್ಮ ದೇಶದಲ್ಲಿ ಕಲಾವಿದರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಶುಲ್ಕ ತೆಗೆದುಕೊಂಡು ನಡೆಸುವ ಕಾರ್ಯಾಗಾರಕ್ಕೆ ಅದಕ್ಕಿಂತ ಹಳಬರ ಚಿತ್ರವೇ ಸುರಕ್ಷಿತ. ವ್ಯಾನ್ ಗೋ ತೀರಿಕೊಂಡದ್ದು 1890ರಲ್ಲಿ.

2. ಅಳತೆ: ಅರ್ಧ ಕಾರ್ಯಾಗಾರಗಳು ಕೆಡುವುದೇ ಇಲ್ಲಿ

ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿರುವ ಮೂಲ ಚಿತ್ರದ ಅಗಲ 92.1 ಸೆಂ.ಮೀ., ಎತ್ತರ 73.7 ಸೆಂ.ಮೀ. ಭಾಗಿಸಿ ನೋಡಿ, ಸರಿಯಾಗಿ 5ಕ್ಕೆ 4. ಅಂದರೆ 8×10 ಇಂಚು, 12×15 ಇಂಚು, 16×20 ಇಂಚು ಈ ಅಳತೆಗಳಲ್ಲಿ ಮಾತ್ರ ಚಿತ್ರ ಹಾಗೇ ಕೂರುತ್ತದೆ.

ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 12×16ರ ಕ್ಯಾನ್ವಾಸ್. ಅದನ್ನೇ ತಂದು ಇಡೀ ಅಗಲಕ್ಕೆ ಬಿಡಿಸಿದರೆ ಸುಳಿ ಅಡ್ಡಡ್ಡ ಹಿಗ್ಗುತ್ತದೆ, ಚಂದ್ರ ಮೊಟ್ಟೆಯಂತಾಗುತ್ತದೆ. ಏನು ತಪ್ಪಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ, ‘ಏನೋ ಸರಿ ಇಲ್ಲ’ ಅಂತ ಮಾತ್ರ ಅನಿಸುತ್ತಿರುತ್ತದೆ. ಪರಿಹಾರ ಸುಲಭ. ಎಡತುದಿಯಲ್ಲಿ ಅರ್ಧ ಇಂಚು, ಬಲತುದಿಯಲ್ಲಿ ಅರ್ಧ ಇಂಚು ಮಾಸ್ಕಿಂಗ್ ಟೇಪ್ ಅಂಟಿಸಿ. ಉಳಿದದ್ದು 12×15. 16×20 ತರಬೇಡಿ, ಅಷ್ಟು ಜಾಗ ಮೂರೂವರೆ ಗಂಟೆಯಲ್ಲಿ ತುಂಬುವುದಿಲ್ಲ.

ನೋಡಿ ಬಿಡಿಸಲು ಕೊಡುವ ಪ್ರಿಂಟ್ 8×10 ಇಂಚಿನದ್ದಿರಲಿ. ಡಿಜಿಟಲ್ ಪ್ರಿಂಟ್ ಅಂಗಡಿಯ 12×18ರ ಒಂದು ಹಾಳೆಯಲ್ಲಿ ಅಂಥವು ಎರಡು ಹಿಡಿಸುತ್ತವೆ. ‘ಎ4ಗೆ ಫಿಟ್ ಮಾಡಿ’ ಅಂತ ಮಾತ್ರ ಹೇಳಬೇಡಿ, ಚಿತ್ರವನ್ನು ಎಳೆದು ಕೊಡುತ್ತಾರೆ. ಕೈಗೆ ಬಂದ ಕೂಡಲೇ ಸ್ಕೇಲ್ ಇಟ್ಟು ಅಳೆಯಿರಿ. ಹೊಳೆಯುವ ಹಾಳೆ ಬೇಡ, ಲೈಟು ಬಿದ್ದರೆ ಏನೂ ಕಾಣುವುದಿಲ್ಲ. ಮೊಬೈಲ್ ನೋಡಿ ಬಿಡಿಸುತ್ತೇನೆ ಅನ್ನುವವರಿಗೂ ಪ್ರಿಂಟ್ ಕೊಡಿ. ಪರದೆಯ ನೀಲಿಯೇ ಬೇರೆ, ಟ್ಯೂಬಿನ ನೀಲಿಯೇ ಬೇರೆ.

3. ಸಾಮಾನು

ಬಣ್ಣ ಆರೇ ಸಾಕು: ಟೈಟಾನಿಯಂ ವೈಟ್, ಅಲ್ಟ್ರಾಮರೀನ್ ಬ್ಲೂ, ಪ್ರಷಿಯನ್ ಬ್ಲೂ, ಲೆಮನ್ ಯೆಲ್ಲೋ, ಯೆಲ್ಲೋ ಆಕರ್ (ಮಣ್ಣಿನ ಹಳದಿ), ಬರ್ಂಟ್ ಅಂಬರ್ (ಗಾಢ ಕಂದು). ಕಪ್ಪು ಟ್ಯೂಬನ್ನು ಮೇಜಿನ ಮೇಲೆ ಇಡಲೇಬೇಡಿ. ಇಟ್ಟರೆ ಹೊಸಬರು ‘ರಾತ್ರಿ ಅಲ್ವಾ’ ಅಂತ ಅದನ್ನೇ ನೀಲಿಗೆ ಬೆರೆಸುತ್ತಾರೆ, ಆಕಾಶ ಸತ್ತುಹೋಗುತ್ತದೆ. ಕಪ್ಪಿನಷ್ಟು ಗಾಢ ಬೇಕಾದ ಕಡೆ ಅಲ್ಟ್ರಾಮರೀನ್ ಮತ್ತು ಬರ್ಂಟ್ ಅಂಬರ್ ಬೆರೆಸಿದರೆ ಸಾಕು.

ನನ್ನ ಲೆಕ್ಕದಲ್ಲಿ ಒಬ್ಬರಿಗೆ ಬಿಳಿ 20 ಮಿ.ಲೀ., ಅಲ್ಟ್ರಾಮರೀನ್ 15 ಮಿ.ಲೀ., ಉಳಿದವು ತಲಾ 5 ಮಿ.ಲೀ. ಬೇಕು. ಯಾವಾಗಲೂ ಮೊದಲು ಮುಗಿಯುವುದು ಬಿಳಿ. ಅದನ್ನು ದೊಡ್ಡ ಡಬ್ಬಿಯಲ್ಲೇ ಕೊಳ್ಳಿ. ಬಟ್ಟೆಗೆ ಬಳಿಯುವ ತೆಳು ಬಣ್ಣ ಬೇಡ, ಅದರಲ್ಲಿ ಬ್ರಶ್ ಗುರುತು ಉಬ್ಬಿ ನಿಲ್ಲುವುದಿಲ್ಲ.

ಬ್ರಶ್ ಒಬ್ಬರಿಗೆ ನಾಲ್ಕು: ಚಪ್ಪಟೆ 12 ಮತ್ತು 6, ದುಂಡನೆಯ 4 ಮತ್ತು 1. ಇದರಲ್ಲಿ 1ನೇ ನಂಬರನ್ನು ಶುರುವಿನಲ್ಲಿ ಕೊಡಬೇಡಿ, ನೀವೇ ಇಟ್ಟುಕೊಳ್ಳಿ. ಸಣ್ಣ ಬ್ರಶ್ ಕೈಗೆ ಸಿಕ್ಕರೆ ಜನ ಅದರಲ್ಲೇ ಇಡೀ ಆಕಾಶ ತುಂಬಲು ಹೊರಡುತ್ತಾರೆ.

ಪ್ಯಾಲೆಟ್‌ಗೆ ಮುಚ್ಚಳವಿರುವ ಪ್ಲಾಸ್ಟಿಕ್ ಸ್ವೀಟ್ ಬಾಕ್ಸ್ ತುಂಬ ಅನುಕೂಲ. ತಳಕ್ಕೆ ಒದ್ದೆ ಟಿಶ್ಯೂ ಎರಡು ಪದರ, ಅದರ ಮೇಲೆ ಬಟರ್ ಪೇಪರ್, ಅದರ ಮೇಲೆ ಬಣ್ಣ. ಬರೀ ತಟ್ಟೆಯಲ್ಲಿ ಹತ್ತಿಪ್ಪತ್ತು ನಿಮಿಷಕ್ಕೆ ಚರ್ಮ ಕಟ್ಟುವ ಅಕ್ರಿಲಿಕ್, ಹೀಗೆ ಇಟ್ಟರೆ ಕೊನೆಯವರೆಗೂ ಹಸಿಯಾಗಿರುತ್ತದೆ. ಉಳಿದಂತೆ ಒಬ್ಬರಿಗೆ ಎರಡು ಡಬ್ಬಿ ನೀರು, ಹಳೆ ಬನಿಯನ್ ಬಟ್ಟೆ, ಹಳೆ ಪೇಪರ್, ಒಂದು ಸೀಮೆಸುಣ್ಣ.

4. ಹಾಲ್ ಸಿದ್ಧಮಾಡುವುದು

ಬೆಳಗ್ಗೆ 10ರಿಂದ 1.30 ಒಳ್ಳೆಯ ಹೊತ್ತು. ಸಂಜೆ ಹಳದಿ ಬಲ್ಬಿನ ಕೆಳಗೆ ಬೆರೆಸಿದ ನೀಲಿ ಮರುದಿನ ಬಿಸಿಲಲ್ಲಿ ಬೇರೆಯೇ ಕಾಣುತ್ತದೆ. ಸಂಜೆಯೇ ಆಗಬೇಕೆಂದರೆ ಬಿಳಿ ಎಲ್‌ಇಡಿ ಹಾಕಿಸಿ.

ಫ್ಯಾನ್ ಗಾಳಿ ನೇರವಾಗಿ ಮೇಜಿಗೆ ಬಡಿಯಬಾರದು. ಮಾರ್ಚ್, ಏಪ್ರಿಲ್ ಬಿಸಿಲಲ್ಲಂತೂ ಬಣ್ಣ ಬ್ರಶ್ಶಿನಲ್ಲೇ ಗಟ್ಟಿಯಾಗುತ್ತದೆ. ಆಗ ಸಣ್ಣ ಸ್ಪ್ರೇ ಬಾಟಲಿಯಿಂದ ಪ್ಯಾಲೆಟ್ ಮೇಲೆ ಆಗಾಗ ನೀರು ಚಿಮುಕಿಸಿ.

ಕುಡಿಯುವ ನೀರು, ಟೀ ಎಲ್ಲವೂ ಬೇರೆ ಮೇಜಿನ ಮೇಲೆ. ಬ್ರಶ್ ನೀರಿಗೆ ಕುತ್ತಿಗೆ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿ ಮಾತ್ರ ಬಳಸಿ, ಲೋಟ ಬೇಡ. ಮಕ್ಕಳು ಬರುವ ಕಡೆ ಇದನ್ನು ಕಟ್ಟುನಿಟ್ಟಾಗಿ ಪಾಲಿಸಿ.

5. ಹಿಂದಿನ ವಾರ ನೀವೊಮ್ಮೆ ಗಡಿಯಾರ ಇಟ್ಟುಕೊಂಡು ಬಿಡಿಸಿ

ಅದೇ ಕ್ಯಾನ್ವಾಸ್, ಅದೇ ಬಣ್ಣ, ಅದೇ ಬ್ರಶ್. ನಿಮಗೆ 1 ಗಂಟೆ 45 ನಿಮಿಷ ಹಿಡಿದರೆ ಹೊಸಬರಿಗೆ ಅದರ ಎರಡರಷ್ಟು. ಅದಕ್ಕಿಂತ ಜಾಸ್ತಿ ಹಿಡಿದರೆ ಚಿತ್ರದಲ್ಲಿ ಏನಾದರೂ ಕಡಿಮೆ ಮಾಡಿ, ಊರಿನ ಮನೆಗಳನ್ನು ಅರ್ಧಕ್ಕೆ ಇಳಿಸಿ. ನಾನೊಮ್ಮೆ ಇದನ್ನು ಮಾಡದೆ ಹೋಗಿದ್ದೆ. ಅವತ್ತು ಹನ್ನೆರಡು ಜನ ಮರವೇ ಇಲ್ಲದ ಚಿತ್ರ ಹಿಡಿದು ಮನೆಗೆ ಹೋದರು.

6. ತಳದ ಬಣ್ಣ, ಚೌಕ, ಬಿಳಿ ಬೊಟ್ಟು (ಮೊದಲ 40 ನಿಮಿಷ)

ಬಣ್ಣದ ಹದವನ್ನು ನಾನು ಅಡುಗೆಮನೆ ಮಾತಲ್ಲೇ ಹೇಳುತ್ತೇನೆ, ಎಲ್ಲರಿಗೂ ತಕ್ಷಣ ತಿಳಿಯುತ್ತದೆ. ನೀರು ಮಜ್ಜಿಗೆ, ದೋಸೆ ಹಿಟ್ಟು, ಬೆಣ್ಣೆ. ಈ ಮೂರು ಹದ ಸಾಕು.

ಮೊದಲು ಯೆಲ್ಲೋ ಆಕರ್ ಅನ್ನು ನೀರು ಮಜ್ಜಿಗೆ ಹದಕ್ಕೆ ಕಲಸಿ ಇಡೀ ಕ್ಯಾನ್ವಾಸಿಗೆ 12ನೇ ನಂಬರ್ ಬ್ರಶ್ಶಿನಿಂದ ಬಳಿಯಲಿ. ಬೆಳ್ಳಗಿನ ಕ್ಯಾನ್ವಾಸ್ ನೋಡಿದರೆ ಆಗುವ ಹೆದರಿಕೆ ಅಲ್ಲಿಗೇ ಹೋಗುತ್ತದೆ. ಆಮೇಲೆ ನೀಲಿ ಗೆರೆಗಳ ಸಂದಿಯಲ್ಲಿ ಈ ಬಿಸ್ಕತ್ ಬಣ್ಣ ಇಣುಕಿದರೆ ಚೆನ್ನಾಗಿಯೇ ಇರುತ್ತದೆ. ಮೂಲ ಚಿತ್ರದಲ್ಲೂ ಗೆರೆಗಳ ನಡುವೆ ಬರೀ ಕ್ಯಾನ್ವಾಸ್ ಕಾಣುವ ಜಾಗಗಳಿವೆ.

ಒಣಗಿದ ಮೇಲೆ ಸೀಮೆಸುಣ್ಣದಲ್ಲಿ ಚೌಕ. 12×15ರಲ್ಲಿ 3 ಇಂಚಿಗೊಂದು ಗೆರೆ ಎಳೆದರೆ ಅಡ್ಡಕ್ಕೆ 5, ಉದ್ದಕ್ಕೆ 4, ಒಟ್ಟು 20 ಚೌಕ. 8×10ರ ಪ್ರಿಂಟ್ ಮೇಲೆ 2 ಇಂಚಿಗೊಂದು ಗೆರೆ ಎಳೆದರೆ ಅಲ್ಲೂ 20. ಈಗ ಮಾತು ಸುಲಭ: ಚಂದ್ರ ಮೇಲಿನ ಸಾಲಿನ ಕೊನೆಯ ಚೌಕದಲ್ಲಿ, ಮರ ಎಡಗಡೆಯ ಎರಡು ಕಂಬಸಾಲಿನಲ್ಲಿ, ದೊಡ್ಡ ಸುಳಿಯ ನಡುಭಾಗ ಎರಡನೇ ಸಾಲಿನ ಮಧ್ಯದ ಚೌಕದಲ್ಲಿ. ಪೆನ್ಸಿಲ್ ಕೊಡಬೇಡಿ. ಅದರ ಪುಡಿ ಹಳದಿಗೆ ಸೇರಿದರೆ ಬೂದು ಬಣ್ಣ ಬರುತ್ತದೆ. ಸೀಮೆಸುಣ್ಣವಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಮರ, ಬೆಟ್ಟದ ಅಂಚು, ಸುಳಿ, ಚರ್ಚಿನ ಶಿಖರ, ಇಷ್ಟರ ಗೆರೆ ಸಾಕು. ಮನೆ ಕಿಟಕಿ ಈಗಲೇ ಬೇಡ.

ಇನ್ನು ನೀವು ಮರೆಯಲೇಬಾರದ ಕೆಲಸ. 11 ನಕ್ಷತ್ರ ಮತ್ತು ಚಂದ್ರ ಬರುವ ಜಾಗಗಳಲ್ಲಿ ದೋಸೆ ಹಿಟ್ಟಿನ ಹದದ ಬರೀ ಬಿಳಿಯನ್ನು ದುಂಡಗೆ ಬಳಿದು ಬಿಡಿ. ನಕ್ಷತ್ರಗಳು ಹಸಿರಾಗುವುದು ಎರಡು ಕಾರಣಕ್ಕೆ. ಹಸಿ ನೀಲಿಯ ಮೇಲೆ ಹಳದಿ ಇಟ್ಟರೆ ಎರಡೂ ಬೆರೆಯುತ್ತವೆ, ಇದು ಎಲ್ಲರಿಗೂ ಗೊತ್ತು. ನೀಲಿ ಪೂರ್ತಿ ಒಣಗಿದ ಮೇಲೂ ಹಸಿರು ಛಾಯೆ ಬರುತ್ತದೆ, ಇದು ಗೊತ್ತಿರುವುದಿಲ್ಲ. ಲೆಮನ್ ಯೆಲ್ಲೋ ತೆಳು ಗಾಜಿನಂಥ ಬಣ್ಣ, ಕೆಳಗಿರುವುದು ಅದರ ಮೂಲಕ ಕಾಣುತ್ತದೆ. ಕೆಳಗೆ ಬಿಳಿ ಇದ್ದರೆ ಮಾತ್ರ ಅದು ಹಳದಿಯಾಗಿ ಹೊಳೆಯುತ್ತದೆ. ಈಗ ಇಟ್ಟ ಬೊಟ್ಟು ಆಕಾಶ ಬಿಡಿಸುವಷ್ಟರಲ್ಲಿ ತಾನಾಗಿ ಒಣಗಿರುತ್ತದೆ.

7. ಆಕಾಶ (70 ನಿಮಿಷ)

ಬ್ರಶ್ ಮುಟ್ಟುವ ಮುಂಚೆ ಎಲ್ಲರೂ ಪ್ರಿಂಟ್ ಮೇಲೆ ಬೆರಳಿಟ್ಟು ಆಕಾಶದ ಹರಿವನ್ನು ಒಮ್ಮೆ ಸವರಲಿ. ಎಡದಿಂದ ಬಂದು, ನಡುವೆ ಸುತ್ತಿ, ಬಲಕ್ಕೆ ಸಣ್ಣ ಸುಳಿಯಾಗಿ ಜಾರುತ್ತದೆ. ಬೆರಳಿಗೆ ಆ ದಾರಿ ಸಿಕ್ಕಿದ ಮೇಲೆ ಕ್ಯಾನ್ವಾಸ್ ಮೇಲೆ ಸೀಮೆಸುಣ್ಣದಲ್ಲಿ ಏಳೆಂಟು ಬಾಣದ ಗುರುತು ಹಾಕಿಸಿ. ಬಾಣವಿಲ್ಲದೆ ಹೊರಟವರು ಐದೇ ನಿಮಿಷದಲ್ಲಿ ಗೋಡೆಗೆ ಸುಣ್ಣ ಹೊಡೆದ ಹಾಗೆ ಅಡ್ಡಡ್ಡ ಬಳಿಯುತ್ತಿರುತ್ತಾರೆ.

ಮೂರು ನೀಲಿ ಬೆರೆಸಿಕೊಳ್ಳಲಿ. ತಿಳಿನೀಲಿಗೆ ಬಿಳಿ ಜಾಸ್ತಿ, ಅಲ್ಟ್ರಾಮರೀನ್ ಚೂರು, ಆಕರ್ ಬಟಾಣಿಯಷ್ಟು. ನಡುನೀಲಿಗೆ ಅಲ್ಟ್ರಾಮರೀನ್ ಮತ್ತು ಬಿಳಿ ಸಮಪಾಲು. ಗಾಢನೀಲಿಗೆ ಅಲ್ಟ್ರಾಮರೀನ್, ಜೊತೆಗೆ ಪ್ರಷಿಯನ್ ಸ್ವಲ್ಪವೇ, ಅದು ಬೇರೆ ಎಲ್ಲ ಬಣ್ಣವನ್ನೂ ನುಂಗುವಂಥದ್ದು. ನಡುನೀಲಿಯನ್ನು ಬೇಕು ಅನಿಸಿದ್ದಕ್ಕಿಂತ ಎರಡರಷ್ಟು ಬೆರೆಸಿಡಿ. ನಡುವೆ ಮುಗಿದರೆ ಮತ್ತೆ ಅದೇ ನೀಲಿ ತರುವುದು ಕಷ್ಟ. ಅಕ್ರಿಲಿಕ್ ಒಣಗಿದ ಮೇಲೆ ಒಂದು ಛಾಯೆ ಗಾಢವಾಗುತ್ತದೆ, ಹಸಿಯಲ್ಲಿ ಹೊಂದಿದಂತೆ ಕಂಡದ್ದು ಒಣಗಿದಾಗ ಹೊಂದುವುದಿಲ್ಲ.

ಕ್ರಮ ಹೀಗೆ: ಮೊದಲು ತಿಳಿನೀಲಿಯಲ್ಲಿ ಸುಳಿಯ ಹೊಳೆಯುವ ಪಟ್ಟೆಗಳು ಮತ್ತು ಬೆಟ್ಟದ ಮೇಲಿನ ಮಂಜಿನ ಪಟ್ಟೆ. ಆಮೇಲೆ ನಡುನೀಲಿ. ಕೊನೆಗೆ ಗಾಢನೀಲಿ. ಗಾಢದಿಂದ ಶುರುಮಾಡಿದರೆ ಬ್ರಶ್ಶಿನ ಬುಡದಲ್ಲಿ ಉಳಿದ ಪ್ರಷಿಯನ್ ಎಷ್ಟು ತೊಳೆದರೂ ತಿಳಿಬಣ್ಣಕ್ಕೆ ಬಂದು ಸೇರುತ್ತದೆ. ಪದರದ ಮೇಲೆ ಪದರ ಹಾಕುವ ಚಿತ್ರ ಇದಲ್ಲ, ಗೆರೆಯ ಪಕ್ಕ ಗೆರೆ ಜೋಡಿಸುವ ಚಿತ್ರ. ಅದಕ್ಕೇ ತಿಳಿಯಿಂದ ಗಾಢಕ್ಕೆ.

ಬಣ್ಣ ಬೆಣ್ಣೆಯ ಹದದಲ್ಲಿರಲಿ, ಬ್ರಶ್ 6ನೇ ನಂಬರಿನ ಚಪ್ಪಟೆ. ಒಂದು ಗೆರೆ ಹೆಬ್ಬೆರಳಿನ ಉದ್ದ. ಎಳೆಯಿರಿ, ಎತ್ತಿ, ಪಕ್ಕದಲ್ಲಿ ಇನ್ನೊಂದು. ಒಮ್ಮೆ ಒಬ್ಬ ಅಜ್ಜಿ ಇದನ್ನು ನೋಡಿ ‘ರಂಗೋಲಿ ಎಳೆ ಇದ್ದ ಹಾಗೆ, ಎಳೆದ ಮೇಲೆ ಮತ್ತೆ ಮುಟ್ಟಬಾರದು ಅಷ್ಟೇ ತಾನೆ’ ಅಂದರು. ಅವತ್ತಿನಿಂದ ನಾನು ಅದೇ ಮಾತು ಹೇಳಿಕೊಡುತ್ತಿದ್ದೇನೆ. ಆ ದಿನ ಹಾಲಿನಲ್ಲಿ ಎಲ್ಲಕ್ಕಿಂತ ಶುಭ್ರವಾಗಿ ಮೂಡಿದ ಆಕಾಶ ಅವರದ್ದೇ.

ಬಿಳಿ ಬೊಟ್ಟುಗಳ ಸುತ್ತ ಗೆರೆಗಳು ಬಳಸಿಕೊಂಡು ಹೋಗಬೇಕು, ಕೆರೆಯಲ್ಲಿ ಕಲ್ಲು ಹಾಕಿದಾಗ ಏಳುವ ಬಳೆಗಳ ಹಾಗೆ.

ಓಡಾಡುವಾಗ ನೀವು ನೋಡಬೇಕಾದ ಅಪಾಯದ ಸೂಚನೆಗಳಿವು. ಗೆರೆಗಳು ಮಾಯವಾಗಿ ಮೇಲ್ಮೈ ನುಣ್ಣಗಾಗುತ್ತಿದ್ದರೆ ಬಣ್ಣಕ್ಕೆ ನೀರು ಜಾಸ್ತಿಯಾಗಿದೆ. ಬ್ರಶ್ ಒರೆಸದೆ ನೀರಿನಿಂದ ನೇರವಾಗಿ ಬಣ್ಣಕ್ಕೆ ಹೋಗುತ್ತಿರುತ್ತಾರೆ, ಪಕ್ಕದಲ್ಲಿ ಬಟ್ಟೆ ಇಡಿ. ಗೆರೆ ಎಳೆದ ಕಡೆ ಕೆಳಗಿನ ಬಣ್ಣ ಸಿಪ್ಪೆಯ ಹಾಗೆ ಎದ್ದು ಬರುತ್ತಿದ್ದರೆ ಅರೆ ಒಣಗಿದ ಜಾಗವನ್ನು ತಿಕ್ಕುತ್ತಿದ್ದಾರೆ. ಆ ಜಾಗ ಬಿಟ್ಟು ಬೇರೆ ಕಡೆ ಕೆಲಸಮಾಡಲು ಹೇಳಿ, ಹತ್ತು ನಿಮಿಷದ ಮೇಲೆ ಸರಿಮಾಡಿದರಾಯಿತು. ಎಲ್ಲ ನೀಲಿಯೂ ಒಂದೇ ಥರ ಕಾಣುತ್ತಿದ್ದರೆ ಡಬ್ಬಿಯ ನೀರು ಬದಲಿಸಿ. ಯಾರಾದರೂ ಮಾತು ನಿಲ್ಲಿಸಿ ಪಕ್ಕದವರ ಚಿತ್ರವನ್ನೇ ನೋಡುತ್ತಾ ಕೂತಿದ್ದರೆ ಅದೂ ಸೂಚನೆಯೇ. ಅವರ ಕ್ಯಾನ್ವಾಸನ್ನು ಎತ್ತಿಕೊಂಡು ಹತ್ತು ಹೆಜ್ಜೆ ದೂರ ಹೋಗಿ ಹಿಡಿದು ತೋರಿಸಿ. ಹತ್ತಿರದಿಂದ ಬರೀ ಗೆರೆಗಳು, ದೂರದಿಂದ ಆಕಾಶ. ಮುಖ ಅರಳುವುದು ಕಾಣುತ್ತದೆ.

ಒಂದು ಕೋರಿಕೆ: ಯಾರ ಕೈಯಿಂದಲೂ ಬ್ರಶ್ ತೆಗೆದುಕೊಂಡು ನೀವು ಬಿಡಿಸಿಕೊಡಬೇಡಿ. ಬೇರೆ ಹಾಳೆಯ ಮೇಲೆ ಮಾಡಿ ತೋರಿಸಿ. ನೀವು ತಿದ್ದಿದ ಆ ಎರಡು ಇಂಚು ಅವರ ಕಣ್ಣಿಗೆ ಯಾವತ್ತೂ ‘ನನ್ನದಲ್ಲದ ಜಾಗ’ವಾಗಿಯೇ ಉಳಿಯುತ್ತದೆ.

8. ಟೀ (15 ನಿಮಿಷ)

ಇದು ಚಿತ್ರ ಒಣಗುವ ಹೊತ್ತು. ಟೀ ಬೇಡ ಅನ್ನುವವರೂ ಎದ್ದು ಹೋಗಬೇಕು. ಕೂತರೆ ಆಕಾಶವನ್ನು ಮುಟ್ಟುತ್ತಾರೆ. ಬ್ರಶ್ಶುಗಳನ್ನು ನೀರಲ್ಲಿ ತಲೆಕೆಳಗಾಗಿ ನಿಲ್ಲಿಸಿ ಹೋಗಬಾರದು, ಕೂದಲು ಬಾಗುತ್ತದೆ. ತೊಳೆದು ಅಡ್ಡ ಮಲಗಿಸಲಿ, ಪ್ಯಾಲೆಟ್ ಮುಚ್ಚಳ ಹಾಕಲಿ. ಹಿಂತಿರುಗಿದ ಮೇಲೆ ಬೆರಳ ಹಿಂಬದಿಯಿಂದ ಆಕಾಶ ಮುಟ್ಟಿ ನೋಡಿ. ತಣ್ಣಗಿದ್ದರೆ ಇನ್ನೂ ಒಳಗೆ ಹಸಿ ಇದೆ.

9. ಹಳದಿ (20 ನಿಮಿಷ)

ಹೊಸ ನೀರು, ತೊಳೆದ 4ನೇ ನಂಬರ್ ಬ್ರಶ್. ನಕ್ಷತ್ರದ ನಡುವೆ ಬಿಳಿಗೆ ಚೂರು ಲೆಮನ್ ಯೆಲ್ಲೋ, ಸುತ್ತ ಹಳದಿ ಗೆರೆಗಳು, ಹೊರಗೆ ಆಕರ್ ಬೆರೆತ ತುಂಡು ಗೆರೆಗಳು, ಅಲ್ಲಲ್ಲಿ ಸಂದಿ. ಬಳೆಯನ್ನು ಪೂರ್ತಿ ಮುಚ್ಚಿದರೆ ಗುರಿ ಹೊಡೆಯುವ ಹಲಗೆಯಂತೆ ಕಾಣುತ್ತದೆ. ಮರದ ಬಲಕ್ಕೆ ಕೆಳಗಿರುವುದು ಶುಕ್ರ, ಅದಕ್ಕೆ ಮಾತ್ರ ಬಿಳಿ ಜಾಸ್ತಿ. ಚಂದ್ರನಿಗೆ ಇನ್ನಷ್ಟು ಬೆಚ್ಚನೆಯ ಛಾಯೆ ಬೇಕೆಂದರೆ ಹಳದಿಗೆ ಬರ್ಂಟ್ ಅಂಬರ್ ಸೂಜಿಮೊನೆಯಷ್ಟು.

10. ಬೆಟ್ಟ, ಊರು (25 ನಿಮಿಷ)

ಬೆಟ್ಟಕ್ಕೆ ನಡುನೀಲಿಯೇ ಸಾಕು, ಅಂಚಿಗೆ ಗಾಢ ಗೆರೆ. ಜನ ಸಿಕ್ಕಿಹಾಕಿಕೊಳ್ಳುವುದು ಊರಿನಲ್ಲಿ. ಒಂದೊಂದು ಮನೆಗೂ ಬಾಗಿಲು ಕಿಟಕಿ ಇಡಲು ಹೊರಡುತ್ತಾರೆ. ಇಳಿಜಾರು ಸೂರಿಗೆ ಎರಡು ಗೆರೆ, ಗೋಡೆಗೆ ಒಂದು ಚೌಕ, ಆರೇಳು ಕಿಟಕಿಗೆ ಒಂದೊಂದು ಹಳದಿ ಚುಕ್ಕೆ. ಅಷ್ಟೇ. ಶಿಖರಕ್ಕೆ ಈಗ 1ನೇ ನಂಬರ್ ಬ್ರಶ್ ಕೊಡಿ. ಅದರ ತುದಿ ಬೆಟ್ಟ ದಾಟಿ ಆಕಾಶಕ್ಕೆ ಚುಚ್ಚಬೇಕು. ಬೆಟ್ಟದ ಕೆಳಗೇ ನಿಂತರೆ ಆಕಾಶವೂ ನೆಲವೂ ಬೇರೆ ಬೇರೆಯಾಗಿ ಉಳಿಯುತ್ತವೆ.

11. ಮರ ಕೊನೆಗೆ (20 ನಿಮಿಷ)

ಸೈಪ್ರೆಸ್ ಮರ ಎಲ್ಲದರ ಮುಂದೆ ನಿಂತಿದೆ, ಅದಕ್ಕೇ ಕೊನೆಗೆ. ಮೊದಲೇ ಬಿಡಿಸಿದರೆ ಅದರ ಅಂಚಿನ ಸುತ್ತ ಹುಷಾರಾಗಿ ಆಕಾಶ ತುಂಬಬೇಕಾಗುತ್ತದೆ, ಅಲ್ಲೊಂದು ಬಿಳಿ ಅಂಚು ಉಳಿಯುತ್ತದೆ. ಅಲ್ಟ್ರಾಮರೀನ್, ಅಂಬರ್, ಸ್ವಲ್ಪ ಆಕರ್ ಬೆರೆಸಿ, ಬುಡದಿಂದ ಮೇಲಕ್ಕೆ ಬೆಂಕಿಯ ನಾಲಗೆಯಂತೆ ಎಳೆಯಲಿ. ನಮ್ಮ ಕಣ್ಣಿಗೆ ಶಾಲೆ ಕಾಂಪೌಂಡಿನ ಉದ್ದನೆ ಅಶೋಕ ಮರ ಅಭ್ಯಾಸವಾಗಿದೆ, ಕೈ ಕೆಳಮುಖವಾಗಿ ಎಲೆ ಬಿಡಿಸಲು ಹೋಗುತ್ತದೆ. ಆಗ ‘ಮೇಲಕ್ಕೆ, ಮೇಲಕ್ಕೆ’ ಅಂತ ನೆನಪಿಸಿ. ತುದಿ ಕ್ಯಾನ್ವಾಸಿನ ಮೇಲಂಚಿಗೆ ಹೆಚ್ಚುಕಡಿಮೆ ತಾಗಬೇಕು. ಗಿಡ್ಡ ಮರ ಆಕಾಶವನ್ನು ಖಾಲಿಯಾಗಿ ಕಾಣಿಸುತ್ತದೆ.

12. ಮುಗಿಸುವುದು (ಕೊನೆಯ 20 ನಿಮಿಷ)

ಟೇಪನ್ನು ನೇರ ಮೇಲಕ್ಕೆ ಕೀಳದೆ ಓರೆಯಾಗಿ, ನಿಧಾನವಾಗಿ ಬಿಡಿಸಿ. ಹಿಂಬದಿಯಲ್ಲಿ ‘ವ್ಯಾನ್ ಗೋ ಚಿತ್ರದ ನಕಲು’ ಅಂತ ಬರೆದು, ತಮ್ಮ ಹೆಸರು, ತಾರೀಖು ಹಾಕಲಿ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ ಕೂತು ನಕಲು ಮಾಡುವವರಿಗೂ ಮೂಲದ ಅಳತೆಯಲ್ಲಿ ಬಿಡಿಸಬಾರದು, ಕಲಾವಿದರ ಸಹಿ ನಕಲಿಸಬಾರದು ಅನ್ನುವ ನಿಯಮವಿದೆ.

ಬ್ರಶ್ಶನ್ನು ಸೋಪಿನಲ್ಲಿ ತೊಳೆಯಿರಿ, ಬಿಸಿನೀರು ಬೇಡ. ಬಣ್ಣದ ನೀರನ್ನು ಸಿಂಕಿಗೆ ಸುರಿಯಬೇಡಿ, ಗಿಡಕ್ಕೂ ಹಾಕಬೇಡಿ. ಎಲ್ಲವನ್ನೂ ಒಂದು ಬಕೆಟ್ಟಿಗೆ ಹಾಕಿ ರಾತ್ರಿಯಿಡೀ ಬಿಡಿ. ತಳದಲ್ಲಿ ಕೂತ ಬಣ್ಣದ ಗಸಿಯನ್ನು ಪೇಪರಿಗೆ ಸುರಿದು ಒಣಗಿಸಿ ಕಸಕ್ಕೆ ಹಾಕಿ. ಹಾಗೇ ಸಿಂಕಿಗೆ ಬಿಟ್ಟರೆ ಬಣ್ಣ ಪೈಪಿನೊಳಗೆ ಪ್ಲಾಸ್ಟಿಕ್ ಆಗಿ ಕೂರುತ್ತದೆ, ಮುಂದಿನ ಸಲ ಹಾಲ್ ಕೊಡುವುದಿಲ್ಲ.

ಮನೆಗೆ ಒಯ್ಯುವಾಗ ಎರಡು ಚಿತ್ರಗಳನ್ನು ಮುಖಕ್ಕೆ ಮುಖ ಇಡಬಾರದು. ಒಣಗಿದಂತೆ ಕಂಡರೂ ದಪ್ಪ ಗೆರೆಗಳ ಒಳಗೆ ಇನ್ನೂ ಮೆತ್ತಗಿರುತ್ತದೆ, ಬಿಸಿಲಲ್ಲಿ ನಿಂತ ಕಾರಿನೊಳಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬೆನ್ನಿಗೆ ಬೆನ್ನು ಸೇರಿಸಿ, ಮುಖಗಳ ಮೇಲೆ ಬಟರ್ ಪೇಪರ್ ಇಟ್ಟು ಕೊಡಿ. ವಾರ್ನಿಶ್ ಹಚ್ಚುವುದಾದರೆ ಎರಡು ವಾರ ಕಾಯಲು ಹೇಳಿ.